ಮೂಕವಾದ ಪಿಯಾನೋ

"ನರ್ಮದಕ್ಕ, ಪಿಯಾನೋ ಇದೆ. ಅದರ ಹಾಡು-ಪದಗಳೇ ಕಳುವಾಗಿವೆ!"

ಶನಿವಾರ ಬೆಳಿಗ್ಗೆ ಕುಮಟೆಯ ಸಂಗೀತ ಶಿಕ್ಷಕಿ ರೂಪಾ ಹೀಗೆನ್ನುತ್ತ ಅಂಗಡಿಗೆ ಬಂದಳು. ಹೊನ್ನಾವರದಲ್ಲಿ ನರ್ಮದಕ್ಕನದು ಹಾರ್ಮೋನಿಯಂ ರಿಪೇರಿಯ ಅಂಗಡಿ. ಕರ್ಕಿಯ ಯಕ್ಷಗಾನ ಮೇಳದವರ ಶ್ರುತಿಪೆಟ್ಟಿಗೆಗಳ ಜೊತೆಗೆ ಸುತ್ತಮುತ್ತಲಿನ ಕಳವಿನ ತಕರಾರುಗಳೂ ಅವಳ ಬಳಿಗೇ ಬರುತ್ತಿದ್ದವು. ಎದುರಿನ ಸ್ಟ್ಯಾಂಡಿನ ರಿಕ್ಷಾದವನಾದ ನಾನು, ಹರೀಶ, ಅಂಥ ಎಲ್ಲ ತಕರಾರುಗಳಿಗೂ ಅವಳ ಸಾರಥಿ.

ರೂಪಾಳ ಗುರು ಜಯಂತಿ ಅಕ್ಕೋರು ಹೋದ ವರ್ಷ ತೀರಿಕೊಂಡಿದ್ದರು. ಅವರ ಬಳಿ ತಾನಾಗಿಯೇ ನುಡಿಯುವ ಪಿಯಾನೋ ಇತ್ತು. ಒಮ್ಮೆ ನುಡಿಸಿದ್ದನ್ನು ಅದು ಯಾರೂ ಮುಟ್ಟದೆಯೇ, ಅದೇ ಕೀಗಳನ್ನು ಅದೇ ಒತ್ತಿನಲ್ಲಿ ಒತ್ತಿ ಮತ್ತೆ ನುಡಿಸುತ್ತಿತ್ತು. ಆದರೆ ಆ ನೆನಪೆಲ್ಲ ಇದ್ದದ್ದು ಜೊತೆಗಿನ ಟ್ಯಾಬಿನಲ್ಲಿ. ಅಕ್ಕೋರ ಮಗ ಸಂಜಯ ಪಿಯಾನೋವನ್ನು ರೂಪಾಳಿಗೆ ಮಾರಲು ಒಪ್ಪಿದ್ದ. ಗುರುವಾರ ಅವಳ ಪರವಾಗಿ ಭಟ್ಕಳದ ವಾದ್ಯದ ಅಂಗಡಿಯ ಉದಯ ಬಂದು ಪರೀಕ್ಷಿಸಿ ಹೋದ. ಸಂಜೆಯ ಹೊತ್ತಿಗೆ ಟ್ಯಾಬ್ ಮಾಯ.

"ಉದಯನೇ ಒಯ್ದ ಅಂತಾನೆ ಸಂಜಯ. ಉದಯ, ಹಳೇದು ಬಿಡಿ, ನನ್ನತ್ರ ಹೊಸದು ತಗೊಳ್ಳಿ ಅಂತಾನೆ. ನಂಗೆ ಬೇಕಾದ್ದು ಅಕ್ಕೋರ ಕೈ, ನರ್ಮದಕ್ಕ."

"ಉದಯನ್ನೂ ಬರೂಕೆ ಹೇಳು," ಎಂದು ನರ್ಮದಕ್ಕ ಚಪ್ಪಲಿ ಮೆಟ್ಟಿದಳು.

ಕುಮಟೆಯ ಅಕ್ಕೋರ ಮನೆಯಲ್ಲಿ ಅವಳು ಮೊದಲು ಪಿಯಾನೋದ ಮುಚ್ಚಳ ಎತ್ತಿ ತಂತಿಗಳನ್ನು ನೋಡಿದಳು. ತುಕ್ಕಿರಲಿಲ್ಲ. ಕರೆಂಟ್ ಆರಿಸಿ ಒಂದೊಂದೇ ಕೀ ಒತ್ತಿದಳು. ಕೈಯಿಂದ ನುಡಿಸಿದರೆ ಎಲ್ಲವೂ ಸರಿಯಾಗಿತ್ತು. ಟ್ಯಾಬಿನ ಚಾರ್ಜರ್ ಗೋಡೆಯಲ್ಲೇ ನೇತಾಡುತ್ತಿತ್ತು. ಪಿಯಾನೋದ ಮೇಲೆ ಹೂದಾನಿಯಿಟ್ಟ ಬಿಳಿ ಉಂಗುರದ ಗುರುತು. ಹೂದಾನಿ ಮಾತ್ರ ಕಿಟಕಿಯಲ್ಲಿತ್ತು. ಅದರಲ್ಲಿ ಬಾಡಿದ ಸೇವಂತಿಗೆ, ಒಂದು ಹನಿಯೂ ನೀರಿಲ್ಲ.

ಅಷ್ಟರಲ್ಲಿ ಉದಯ ಮುಖ ಗಂಟಿಕ್ಕಿಕೊಂಡು ಬಂದ. ಮನೆಗೆಲಸದ ಹೊನ್ನಿ ಎಲ್ಲರಿಗೂ ಊಟ ಬಡಿಸಿದಳು. ಬಂಗಡೆ ಸಾರು, ಗೋಧಿ ದೋಸೆ. ನಾನು ಎರಡು ದೋಸೆ ಹೆಚ್ಚೇ ತಿಂದೆ. ನರ್ಮದಕ್ಕ ಮಾತ್ರ ಒಮ್ಮೆ ತಟ್ಟೆ, ಒಮ್ಮೆ ಅಡುಗೆಮನೆಯ ಮುಚ್ಚಿದ ಅಕ್ಕಿ ಡಬ್ಬಿ ನೋಡುತ್ತ ಯೋಚಿಸುತ್ತಿದ್ದಳು. ಊಟವಾದ ಮೇಲೆ ಎಲ್ಲರನ್ನೂ ಪಿಯಾನೋದ ಸುತ್ತ ಕೂರಿಸಿದಳು.

"ಉದಯ ಕದ್ದಿಲ್ಲ," ಎಂದಳು. "ಈ ಚಾರ್ಜರಿನ ಮೂತಿ ಬೇರೇ ಥರದ್ದು, ಪೇಟೇಲಿ ಸಿಕ್ಕೂದಲ್ಲ. ಆ ವ್ಯಾಪಾರದವನೇ ಕದ್ದರೆ ಅದನ್ನ ಬಿಟ್ಟು ಹೋಗ್ತಿದ್ನಾ? ಸಂಜಯನೂ ಅಲ್ಲ. ಮಾರೂದು ಬೇಡ ಅಂತಿದ್ರೆ ಬೇಡ ಅಂದ್ರೆ ಮುಗೀತು, ಕದಿಯೂದು ಎಂತಕ್ಕೆ? ಇನ್ನು ಹೂದಾನಿ. ಇದು ಪಿಯಾನೋದ ಮೇಲಿತ್ತು, ಟ್ಯಾಬಿನ ಪಕ್ಕ. ಮಗುಚಿ ಬಿತ್ತು. ನೀರು ಚೆಲ್ಲಿತು. ಒರೆಸಿದವರು ಗಾಬರೀಲಿ ಹೂವಿಗೆ ಮತ್ತೆ ನೀರು ಹಾಕೂಕೆ ಮರೆತರು. ಸಂಜಯ, ಗುರುವಾರದಿಂದ ಈ ಮನೇಲಿ ಅನ್ನ ಆಗಿದ್ದುಂಟಾ?"

ಸಂಜಯ ತಬ್ಬಿಬ್ಬಾದ. "ಇಲ್ಲ. ಗೋಧಿ ದೋಸೆ, ರೊಟ್ಟಿ. ಅಕ್ಕಿಗೆ ಹುಳ ಬಂತು ಅಂದ್ಲು ಹೊನ್ನಿ."

"ಹುಳ ಬಂದ ಅಕ್ಕೀನ ಬಿಸಿಲಿಗೆ ಹರಡ್ತಾರೆ, ಡಬ್ಬಿ ಮುಚ್ಚಿ ಇಡೂದಿಲ್ಲ. ನೀರಿಗೆ ಬಿದ್ದ ಮೊಬೈಲನ್ನ ಜನ ಎಲ್ಲಿ ಹುಗೀತಾರೆ, ಹೊನ್ನಿ?"

ಬಾಗಿಲಲ್ಲಿ ನಿಂತಿದ್ದ ಹೊನ್ನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ನಾ ಕದೀಲಿಲ್ಲ ತಮ್ಮಾ. ಒರೆಸೂಕೆ ಹೋದೆ, ಹೂವಿನ ನೀರು ಚೆಲ್ಲೋತು. ಅಕ್ಕೋರ ಪದ ಎಲ್ಲ ಸತ್ತೋತು ಅಂತ ಹೆದರಿಕೆ ಆತು. ಒಣಗಿದ ಮೇಲೆ ಹೇಳುವ ಅಂತ ಇದ್ದೆ. ಅಷ್ಟರಲ್ಲಿ ನೀವು ಕಳವು ಅಂದ್ರಿ. ಬಾಯೇ ಬರಲಿಲ್ಲ."

ಅವಳು ಒಳಗೆ ಹೋಗಿ ಅಕ್ಕಿಯೊಳಗಿಂದ ಟ್ಯಾಬ್ ತೆಗೆದು ತಂದಳು. ಚಾರ್ಜರಿಗೆ ಹಾಕಿ ನಾವೆಲ್ಲ ಅದರ ಸುತ್ತ ಕೂತೆವು. ಹತ್ತು ನಿಮಿಷಕ್ಕೆ ಪರದೆ ಬೆಳಗಿತು. ಸಂಜಯ ಉದಯನ ಕೈಹಿಡಿದು, "ತಪ್ಪಾತು ಮಾರಾಯ," ಎಂದ.

"ಈಗ ಹೇಳು ಅಕ್ಕ," ಎಂದಳು ರೂಪಾ, "ಇದನ್ನ ತಗೊಳ್ಳಲಾ?"

"ತಗೋ. ತಂತಿ ಚಂದ ಉಂಟು, ಕರೆಂಟ್ ಹೋದ್ರೂ ಕೈಲಿ ನುಡಿಸಬಹುದು. ಆದ್ರೆ ಕಡಲ ಗಾಳಿ ಹೊಡೆಯೋ ಕಿಟಕಿ ಹತ್ರ ಇಡಬೇಡ. ಕೆಟ್ಟರೆ ರಿಪೇರಿಗೆ ಯಾರು ಬತ್ತಾರೆ ಅಂತ ಇವತ್ತೇ ಉದಯನ ಹತ್ರ ಕೇಳ್ಕೊ. ಪದಗಳನ್ನ ಇನ್ನೆರಡು ಕಡೆ ಇಳಿಸಿಡು. ಇಷ್ಟು ದೊಡ್ಡ ವಾದ್ಯದ ಜೀವ ಒಂದು ಹಲಗೇಲಿ ಇರಬಾರದು."

ಉದಯನೇ ಎದ್ದು ಟ್ಯಾಬನ್ನು ಪಿಯಾನೋಕ್ಕೆ ಜೋಡಿಸಿದ. ಕೀಗಳು ತಾವಾಗಿಯೇ ಇಳಿಯತೊಡಗಿದವು. ರೂಪಾ ಕಣ್ಣು ಮುಚ್ಚಿದಳು. ಹೊನ್ನಿ ನೆಲದ ಮೇಲೆ ಕೂತು ತೊಡೆ ತಟ್ಟುತ್ತಿದ್ದಳು. ಮೂರನೆಯ ಪದ ಅರ್ಧಕ್ಕೆ ಎಡವಿ ನಿಂತಿತು. ಎರಡು ಕ್ಷಣ ಬಿಟ್ಟು ಮತ್ತೆ ಮೊದಲಿನಿಂದ ಶುರುವಾಯಿತು.

"ಆಯಿ ತಪ್ಪಿದ್ಲು!" ಎಂದು ಸಂಜಯ ನಕ್ಕ. ಅವನ ಕಣ್ಣು ತುಂಬಿತ್ತು.

"ತಪ್ಪಿದಷ್ಟನ್ನು ಅಳಿಸಲಾ?" ಎಂದು ಕೇಳಿದ ಉದಯ.

"ಬ್ಯಾಡ," ಎಂದರು ಸಂಜಯ, ರೂಪಾ, ಹೊನ್ನಿ, ಮೂವರೂ ಒಟ್ಟಿಗೇ.