ಫೆಬ್ರವರಿ ಕಳೆಯಲಿ

ಖಾತೆಯಲ್ಲಿ ಸೊನ್ನೆ ಇತ್ತು.

ಸೊಸೆ ಆ್ಯಪ್ ಮುಚ್ಚಿ ಮತ್ತೆ ತೆರೆದಳು. ಸೊನ್ನೆಯೇ. ಗಂಡ ಕೆಲಸಕ್ಕೆ ಸೇರಿದಾಗಿನಿಂದ ಅಲ್ಲಿ ಹೂಡುತ್ತ ಬಂದಿದ್ದ. ಏಪ್ರಿಲ್‌ನಲ್ಲಿ ಅವನು ತೀರಿಕೊಂಡ. ಈಗ ಜೂನ್.

ಊಟದ ಮೇಜಿನ ಸುತ್ತ ಮೂವರು ಕಾಯುತ್ತಿದ್ದರು. ಅತ್ತೆ, ಮೈದುನ, ಗಂಡನ ಅಕ್ಕ. ಪಾಲು ಕೇಳಿ ಫೋನ್ ತೆರೆಸಿದ್ದು ಮೈದುನ. ಗಂಡನ ಅಕ್ಕನನ್ನು ಮನೆಯವರೆಲ್ಲ ದೊಡ್ಡಕ್ಕ ಅನ್ನುತ್ತಿದ್ದರು. ಬೇಡವೆಂದವಳು ಅವಳೊಬ್ಬಳೇ. "ಬರೋ ಫೆಬ್ರವರಿ ಕಳೀಲಿ, ಆಮೇಲೆ ದುಡ್ಡಿನ ಮಾತು. ಅವಳನ್ನ ಈಗಲೇ ಹಿಂಡಬೇಡಿ" ಎಂದಿದ್ದಳು. ಸಾವಾದ ದಿನದಿಂದಲೂ ಅದನ್ನೇ ಹೇಳುತ್ತಿದ್ದಳು.

"ಎಷ್ಟಿದೆ?" ಎಂದ ಮೈದುನ.

ಸೊಸೆ ಫೋನನ್ನು ಅವನತ್ತ ತಿರುಗಿಸಿದಳು.

ಅತ್ತೆ ಎದ್ದು ಒಳಗೆ ಹೋದರು. ಸೊಸೆಯ ಸೂಟ್‌ಕೇಸ್ ತಂದು ಬಾಗಿಲ ಬಳಿ ಇಟ್ಟರು.

"ಮಗನ ಉಸಿರು ಇರೋವಾಗಲೇ ಎಲ್ಲಾ ಬಳ್ಕೊಂಡಿದ್ದಾಳೆ. ಪೊಲೀಸರು ಬಂದು ಹೋಗಲಿ. ಆಮೇಲೆ ಈ ಹೊಸ್ತಿಲು ತುಳೀಬಾರದು."

ಮೈದುನ ಆಗಲೇ ಫೋನ್ ಕಿವಿಗಿಟ್ಟುಕೊಂಡಿದ್ದ.

* * *

ಇನ್ಸ್‌ಪೆಕ್ಟರ್‌ಗೆ ಅಳುವವರ ಮೇಲೆ ನಂಬಿಕೆ ಇರಲಿಲ್ಲ. ಅಳದವರ ಮೇಲಂತೂ ಇರಲೇ ಇಲ್ಲ. ಸೊಸೆ ಅಳಲಿಲ್ಲ.

"ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಹಣ ವರ್ಗಾವಣೆ ಆಗಿದೆ" ಎಂದಳು ಇನ್ಸ್‌ಪೆಕ್ಟರ್. "ನಿಮ್ಮ ಗಂಡನ ಫೋನಿಂದ. ಒಪ್ಪಿಗೆ ಕೊಟ್ಟಿದ್ದು ಅವರ ಹೆಬ್ಬೆರಳು. ಆಗ ಅವರಿಗೆ ಪ್ರಜ್ಞೆ ಇತ್ತಾ?"

"ಇಲ್ಲ."

"ಫೋನ್ ಎಲ್ಲಿತ್ತು?"

"ಆಸ್ಪತ್ರೇಲಿ, ಅವರ ಮಂಚದ ಪಕ್ಕದ ಡ್ರಾಯರ್‌ನಲ್ಲಿ."

"ಆ ಮಧ್ಯಾಹ್ನ ನೀವೆಲ್ಲಿದ್ರಿ?"

"ಕಾರಿಡಾರ್‌ನಲ್ಲಿ. ನಿದ್ದೆ ಹತ್ತಿತ್ತು."

"ಗಂಡ ಆ ಸ್ಥಿತೀಲಿದ್ದಾಗ ನಿದ್ದೆ ಬಂತಾ?"

"ಹೌದು."

"ಒಳಗೆ ಯಾರಿದ್ರು?"

"ಬರ್ತಾ ಹೋಗ್ತಾ ಇದ್ರು. ಅತ್ತೆ, ಮೈದುನ. ದೊಡ್ಡಕ್ಕ ಮಾತ್ರ ಕೂತೇ ಇದ್ದರು. ನಮ್ಮವರ ಕೈ ಹಿಡ್ಕೊಂಡು."

ಸೊಸೆ ಹೇಳಿದ್ದನ್ನೆಲ್ಲ ಇನ್ಸ್‌ಪೆಕ್ಟರ್ ಬರೆದುಕೊಂಡಳು. ಯಾರು ಯಾವಾಗ ಏನು ಅಂದರು, ಎಲ್ಲವನ್ನೂ.

* * *

ಹಣ ಕಳೆದಿರಲಿಲ್ಲ. ಅದೇ ವಿಚಿತ್ರ. ಹಳೆಯ ಕಂಪನಿಯಿಂದ ಹೊಸದೊಂದಕ್ಕೆ ಹೋಗಿ ಕೂತಿತ್ತು. ಸತ್ತವನ ಹೆಸರಲ್ಲೇ. ನಾಮಿನಿ ಸೊಸೆಯೇ.

ಹೊಸ ಕಂಪನಿಯ ಕಚೇರಿಯಲ್ಲಿ ಗಾಜಿನ ಗೋಡೆ, ಪ್ಲಾಸ್ಟಿಕ್ ಗಿಡ. ಮ್ಯಾನೇಜರ್‌ನ ನಗು ಕೂಡ ಗಿಡದ ಜಾತಿಯದೇ.

"ಮೇಡಂ, ಇದರಲ್ಲಿ ಕಳ್ಳತನ ಎಲ್ಲಿದೆ? ಮನೆ ಬದಲಾಯಿಸಿದ ಹಾಗೆ."

"ಹಳೇ ಮನೆಯವರು ಬಿಟ್ಟುಹೋಗೋ ಶುಲ್ಕ ಅಂತ ಒಂದು ಭಾಗ ಕತ್ತರಿಸಿದ್ದಾರೆ."

"ಅದು ಅವರ ನಿಯಮ."

"ನಿಮ್ಮ ನಿಯಮ ಏನು?"

"ಹೊಸ ಗ್ರಾಹಕರನ್ನ ಕರೆತಂದವರಿಗೆ ಬಹುಮಾನ. ಬಂದ ಹಣದ ಲೆಕ್ಕದಲ್ಲಿ. ದೊಡ್ಡ ಖಾತೆಗೆ ದೊಡ್ಡ ಬಹುಮಾನ. ಹಣ ಮಾತ್ರ ವರ್ಷ ತುಂಬೋವರೆಗೆ ಇಲ್ಲಿಂದ ಅಲುಗಾಡಬಾರದು."

"ಅಲುಗಾಡಿದ್ರೆ?"

"ಬಹುಮಾನ ವಾಪಸ್ ವಸೂಲಿ ಮಾಡ್ತೀವಿ."

"ಇವರನ್ನ ಕರೆತಂದವರು ಯಾರು?"

"ಗ್ರಾಹಕರ ಗೌಪ್ಯತೆ ಮೇಡಂ. ಕೋರ್ಟ್ ಆದೇಶ ತನ್ನಿ."

"ತರ್ತೀನಿ. ಅಲ್ಲೀವರೆಗೆ ಆ ಗಿಡಕ್ಕೆ ನೀರು ಹಾಕ್ತಾ ಇರಿ."

* * *

ಮೈದುನನ ಬಳಿ ಹೊಸ ಬೈಕ್ ಇತ್ತು. ಅಣ್ಣನ ಖಾತೆಗೆ ನುಗ್ಗಲು ಅವನ ಸ್ವಂತ ಫೋನಿಂದ ಮೂರು ಸಲ ಪ್ರಯತ್ನವೂ ನಡೆದಿತ್ತು. ಠಾಣೆಗೆ ಕರೆಸಿದಾಗ ಮೊದಲು ಎದೆಯುಬ್ಬಿಸಿದ. ಆಮೇಲೆ ಬೆವತ.

"ಬೈಕ್ ಸಾಲದ್ದು ಮೇಡಂ. ಪಾಸ್‌ವರ್ಡ್ ಊಹೆ ಮಾಡ್ದೆ, ಸಿಗಲಿಲ್ಲ."

"ಅಣ್ಣ ಬದುಕಿದ್ದಾಗಲೇ?"

"ಸತ್ತ ಮಾರನೇ ದಿನ."

"ಅಷ್ಟು ಕಾದ್ಯಲ್ಲ, ದೊಡ್ಡ ಮನಸ್ಸು."

ಅವನು ದುರಾಸೆಯವನೇ. ಆದರೆ ಅವನ ದುರಾಸೆಗೆ ತಾಳ್ಮೆ ಇರಲಿಲ್ಲ. ಅವನಿಗೆ ದುಡ್ಡು ಇವತ್ತೇ ಬೇಕು. ಒಂದು ವರ್ಷ ಅಲುಗಾಡಿಸಬಾರದ ಕಡೆ ಅವನು ಯಾಕೆ ಇಡುತ್ತಾನೆ? ಇನ್ಸ್‌ಪೆಕ್ಟರ್ ಅವನನ್ನು ಬಿಟ್ಟು ಆಸ್ಪತ್ರೆಗೆ ಹೋದಳು.

ನರ್ಸ್‌ಗೆ ಆ ಮಧ್ಯಾಹ್ನ ನೆನಪಿತ್ತು.

"ಉಳಿದ ಬೆರಳುಗಳು ಊದಿದ್ದವು. ಹಾಗಾಗಿ ಆಕ್ಸಿಜನ್ ನೋಡೋ ಕ್ಲಿಪ್ ಹೆಬ್ಬೆರಳಿಗೇ ಹಾಕಿದ್ವಿ. ಇದ್ದಕ್ಕಿದ್ದಂತೆ ಅಲಾರಂ ಹೊಡ್ಕೊಳ್ತು. ಓಡಿ ಬಂದರೆ ಕ್ಲಿಪ್ ಹಾಸಿಗೆ ಮೇಲಿದೆ. ಬೈದೆ."

"ಯಾರನ್ನ?"

"ಅಕ್ಕನ್ನ. 'ತಮ್ಮನ ಕೈ ಹಿಡ್ಕೊಂಡಿದ್ದೆ, ಜಾರಿಹೋಯ್ತು' ಅಂದ್ರು. ಪಾಪ ಅನ್ನಿಸ್ತು."

* * *

ಅದೇ ಮೇಜು. ಸೂಟ್‌ಕೇಸ್ ಬಾಗಿಲ ಬಳಿಯೇ ಇತ್ತು. ಸೊಸೆ ಅದರ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು.

"ಹಣ ಸಿಕ್ಕಿದೆ" ಎಂದಳು ಇನ್ಸ್‌ಪೆಕ್ಟರ್. "ಬೇರೆ ಕಂಪನೀಲಿದೆ. ನಾಳೆಯೇ ಅಲ್ಲಿಂದ ತೆಗೆಸ್ತೀನಿ. ಯಾರದಾದ್ರೂ ಅಡ್ಡಿ ಇದೆಯಾ?"

"ತೆಗೆಸಿ" ಎಂದ ಮೈದುನ.

"ಮೊದಲು ತೆಗೆಸಿ" ಎಂದರು ಅತ್ತೆ.

ಸೊಸೆ ತಲೆಯಾಡಿಸಿದಳು.

"ಆತುರ ಯಾಕೆ?" ಎಂದಳು ದೊಡ್ಡಕ್ಕ. "ಮತ್ತೆ ಮತ್ತೆ ಜಾಗ ಬದಲಾಯಿಸಿದ್ರೆ ನಷ್ಟ ಇವಳಿಗೇ. ನಾನು ಹೇಳ್ತಾನೇ ಬಂದಿದ್ದೀನಿ, ಫೆಬ್ರವರಿ ಕಳೀಲಿ."

"ಯಾಕೆ ಫೆಬ್ರವರಿ?"

"ಯಾಕೆ ಅಂದ್ರೆ... ಸಾವಾದ ಮನೆ. ಒಂದು ವರ್ಷ ಆಗ್ಲಿ ಅಂತ."

"ನಿಮ್ಮ ತಮ್ಮ ತೀರಿಕೊಂಡಿದ್ದು ಏಪ್ರಿಲ್‌ನಲ್ಲಿ."

ಅತ್ತೆ ಮಗಳ ಮುಖ ನೋಡಿದರು.

"ಹಣ ಫೆಬ್ರವರಿಯಲ್ಲಿ ಹೋಗಿದ್ದು ಅಂತ ನಾನು ಕಂಡುಹಿಡಿಯೋಕೆ ಮೊದಲೇ ನಿಮ್ಮ ಬಾಯಲ್ಲಿ ಫೆಬ್ರವರಿ ಬಂದಿತ್ತು. ಸಾವಾದ ದಿನವೇ ಬಂದಿತ್ತು. ಎಲ್ಲರೂ ವರ್ಷವನ್ನ ಸಾವಿಂದ ಎಣಿಸ್ತಾರೆ. ನೀವು ವರ್ಗಾವಣೆಯಿಂದ ಎಣಿಸಿದ್ರಿ. ಇವರಿಬ್ಬರು ಪಾಲು ಬೇಕು ಅಂತ ಜಗಳಕ್ಕೆ ನಿಂತಾಗ ನೀವು ಅಡ್ಡ ನಿಂತ್ರಿ. ಅದು ಕನಿಕರ ಅಲ್ಲ. ವರ್ಷ ತುಂಬೋ ಮೊದಲೇ ಆ ಹಣ ಹೊರಗೆ ಹೋದ್ರೆ, ಖಾತೆ ತಂದಿದ್ದಕ್ಕೆ ನಿಮಗೆ ಸಿಕ್ಕ ಬಹುಮಾನವೂ ಹೋಗುತ್ತೆ. ಇನ್ನು ಅವತ್ತು ಜಾರಿಹೋಗಿದ್ದು ಕ್ಲಿಪ್ ಅಲ್ಲ, ನೀವು ಬಿಚ್ಚಿದ್ದು. ಫೋನಿಗೆ ಒತ್ತೋಕೆ ಅದರೊಳಗಿದ್ದ ಹೆಬ್ಬೆರಳು ಬೇಕಿತ್ತು. ಫೋನ್ ಕೊಡಿ."

ದೊಡ್ಡಕ್ಕ ಫೋನನ್ನು ಎದೆಗೊತ್ತಿಕೊಂಡಳು. ಮೈದುನ ಕಿತ್ತುಕೊಂಡು ಮೇಜಿನ ಮೇಲಿಟ್ಟ. ಬಹುಮಾನ ಜಮೆಯಾದ ಸಂದೇಶ ಅದರಲ್ಲೇ ಇತ್ತು.

"ನನ್ನ ಬ್ಯೂಟಿ ಪಾರ್ಲರ್ ಮುಚ್ಚೋ ಹಾಗಾಗಿತ್ತು" ಎಂದಳು ದೊಡ್ಡಕ್ಕ. "ಇವಳ ದುಡ್ಡು ನಾನು ಮುಟ್ಟಿಲ್ಲ. ಅಲ್ಲೇ ಇದೆ. ಶುಲ್ಕ ಅಂತ ಸ್ವಲ್ಪ ಹೋಯ್ತು ಅಷ್ಟೇ. ಅವನು ಹೇಗಿದ್ರೂ..."

"ಹೇಗಿದ್ರೂ ಏನು?" ಎಂದಳು ಸೊಸೆ.

ಆ ಮೇಜಿನಲ್ಲಿ ಅವಳು ಮೊದಲ ಸಲ ಮಾತಾಡಿದ್ದು ಆಗಲೇ.

* * *

ದೊಡ್ಡಕ್ಕನನ್ನು ಕೂರಿಸಿಕೊಂಡು ಜೀಪು ಹೋದ ಮೇಲೂ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮಗನಿಗೆ, "ಆ ಸೂಟ್‌ಕೇಸ್ ಒಳಗಿಡು" ಎಂದರು. ಸೊಸೆಯ ಕಡೆ ತಿರುಗಲಿಲ್ಲ.

"ಮುಟ್ಟಬೇಡಿ" ಎಂದಳು ಸೊಸೆ.

"ಇರು ಅಂತ ತಾನೇ ಹೇಳ್ತಿರೋದು."

"ಹೋಗು ಅಂದಾಗಲೂ ನೀವೇ ಹೇಳಿದ್ದು."

ಅವಳು ಸೂಟ್‌ಕೇಸ್ ಎತ್ತಿಕೊಂಡು ಗೇಟಿನ ತನಕ ಬಂದಳು. ಇನ್ಸ್‌ಪೆಕ್ಟರ್ ತನ್ನ ಬೈಕಿನ ಬಳಿ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಳು.

"ದುಡ್ಡು ನಿಮ್ಮ ಕೈಗೆ ಬರೋಕೆ ಸ್ವಲ್ಪ ದಿನ ಹಿಡಿಯುತ್ತೆ" ಎಂದಳು. "ಎಲ್ಲಿಗೆ ಹೋಗ್ತೀರಿ?"

"ಗೊತ್ತಿಲ್ಲ. ನೀವು ಅವತ್ತು ಕೇಳಿದ್ರಲ್ಲ, ಆ ಸ್ಥಿತೀಲಿ ನಿದ್ದೆ ಬಂತಾ ಅಂತ."

"ಕೇಳಿದ್ದೆ."

"ಅಷ್ಟು ದಿನದಲ್ಲಿ ಅದೊಂದೇ ಸಲ ಮಲಗಿದ್ದು. ದೊಡ್ಡಕ್ಕ ನಮ್ಮವರ ಕೈ ಹಿಡ್ಕೊಂಡಿದ್ದಾರೆ ಅನ್ನೋ ಧೈರ್ಯಕ್ಕೆ."

ಇನ್ಸ್‌ಪೆಕ್ಟರ್ ಹೆಲ್ಮೆಟ್ ತೆಗೆದಳು. ಸೊಸೆ ಗೇಟನ್ನು ಸದ್ದಾಗದಂತೆ ಮುಚ್ಚಿ, ಚಿಲಕ ಹಾಕಿ, ಬಸ್ ನಿಲ್ದಾಣದ ಕಡೆ ನಡೆದಳು.