ಊಟದ ಬೆಲ್ಲಿಗೆ ಮುಳುಗಿದ ಸೂರ್ಯ

ಊಟದ ಬೆಲ್ಲಿನ ಸದ್ದು ಇನ್ನೂ ಅಡಗಿರಲಿಲ್ಲ. ಅಷ್ಟರಲ್ಲೇ ಕಂಪ್ಯೂಟರಿನ ಪರದೆಯಲ್ಲಿ ನಮ್ಮ ದೇಶದ ಮೇಲೆ ಕತ್ತಲು ಕವಿದಿತ್ತು.

"ಯಶೋಧಾ, ನಿನ್ ಭೂಮೀಲಿ ನಮಗೆ ರಾತ್ರಿ ಆಗೋಯ್ತಲ್ಲೇ," ಎಂದ ಶಿವಕಿರಣ್. "ಈಗ ಊಟ ಮಾಡ್ಲಾ, ಚಾಪೆ ಹಾಸ್ಲಾ?"

ಹಿಂದೆ ನಿಂತಿದ್ದ ಹುಡುಗರು ನಕ್ಕರು. ಯಶೋಧಾಳ ಕಿವಿ ಬಿಸಿಯಾಯಿತು. ಕಿಟಕಿಯಾಚೆ ಬಿಸಿಲು ಕಣ್ಣು ಕುಕ್ಕುತ್ತಿತ್ತು.

ಕುದೂರಿನ ಆ ಶಾಲೆಗೆ ಇದ್ದದ್ದು ಅದೊಂದೇ ಕಂಪ್ಯೂಟರ್. ಹೊಸದಾಗಿ ಶುರುವಾದ ಫ್ಯಾಕ್ಟರಿಯವರು ಕೊಟ್ಟದ್ದು. ಜೊತೆಗೆ ಬಂದ ಸಿ.ಡಿ.ಗಳನ್ನೆಲ್ಲ ಜಾಲಾಡಿ ಐದನೇ ಕ್ಲಾಸಿನ ಯಶೋಧಾ ಪರದೆಗೆ ಹಾಕುವ ಈ ವಾಲ್‌ಪೇಪರ್‌ಗಳನ್ನು ಪತ್ತೆಮಾಡಿದ್ದಳು. ಇಡೀ ಭೂಮಿಯ ನಕ್ಷೆ. ಹಗಲಿರುವಲ್ಲಿ ಹಸಿರು, ನೀಲಿ; ಇರುಳಿರುವಲ್ಲಿ ಕಪ್ಪು. ಆ ಕಪ್ಪಿನ ತುಂಬ ರಾಗಿ ಚೆಲ್ಲಿದಂತೆ ಊರುಗಳ ದೀಪಗಳು.

ಗಂಟೆಗೊಂದರಂತೆ ಇಪ್ಪತ್ತನಾಲ್ಕು ಚಿತ್ರಗಳಿದ್ದವು. ಸೊನ್ನೆಯಿಂದ ಇಪ್ಪತ್ತಮೂರರವರೆಗೆ ನಂಬರು. ಗಂಟೆ ನೋಡಿ ಚಿತ್ರ ಬದಲಿಸುವ ಕೆಲಸವನ್ನು ಅನಂತರಾಜು ಮೇಷ್ಟ್ರು ಅಂದು ಬೆಳಿಗ್ಗೆಯಷ್ಟೇ ಅವಳಿಗೆ ವಹಿಸಿದ್ದರು. ಹತ್ತು, ಹನ್ನೊಂದು, ಹನ್ನೆರಡರ ಚಿತ್ರಗಳಲ್ಲಿ ನಮ್ಮ ಕಡೆ ಹಗಲೇ ಇತ್ತು. ಮಧ್ಯಾಹ್ನ ಒಂದಕ್ಕೆ ಹದಿಮೂರನೇ ನಂಬರಿನದನ್ನು ಹಾಕಿದಳು, ಸೂರ್ಯ ಮುಳುಗಿಬಿಟ್ಟ.

ಮೇಷ್ಟ್ರು ಸಿ.ಡಿ.ಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಏನೂ ಬರೆದಿರಲಿಲ್ಲ. ನಾಳೆ ಫ್ಯಾಕ್ಟರಿಯವರು ಶಾಲೆ ನೋಡಲು ಬರುತ್ತಾರೆ, ಅಷ್ಟರೊಳಗೆ ಸರಿಹೋಗದಿದ್ದರೆ ಹಳೆಯ ಹುಲ್ಲುಗುಡ್ಡದ ಚಿತ್ರವನ್ನೇ ಹಾಕಿಬಿಡೋಣ ಎಂದರು. ಅವರು ಗದರಲಿಲ್ಲ. ಆದರೂ ಅವಳು ಮೌಸ್ ಬಿಟ್ಟು ಹಿಂದೆ ಸರಿದಳು.

ಅವಳ ಅಜ್ಜಿ ವಿಮಲಮ್ಮ ಎಂದೂ ಗಡಿಯಾರ ನೋಡಿ ದೀಪ ಹಚ್ಚಿದವರಲ್ಲ. ಕೋಳಿಗಳು ಗೂಡು ಸೇರಬೇಕು, ಅಂಗಳದ ಕೊನೆಯ ಬಿಸಿಲು ಆರಬೇಕು. ಆಗ ಹಣೆಗೆ ವಿಭೂತಿ ಇಟ್ಟುಕೊಂಡು ಬೆಂಕಿಪೊಟ್ಟಣ ಹುಡುಕುವರು. ಅಂದು ಸಂಜೆ ಮೊಮ್ಮಗಳು ಹೊಸ್ತಿಲ ಬಳಿ ಮುದುಡಿ ಕುಳಿತಿದ್ದಳು.

"ದೀಪ ಹಚ್ಚೋ ಹೊತ್ನಲ್ಲಿ ಹಿಂಗ್ ಕೂರಬಾರ್ದು ಕಣವ್ವ. ಏನಾಯ್ತು?"

ಯಶೋಧಾ ಎಲ್ಲವನ್ನೂ ಹೇಳಿದಳು. ಅಜ್ಜಿ ಕಡ್ಡಿ ಗೀರುವುದನ್ನೂ ಮರೆತು ಕೇಳಿಸಿಕೊಂಡರು.

"ಅಂಗಾರೆ ಅದು ಸುಳ್ಳು ಹೇಳಿಲ್ಲ. ಆ ಚಿತ್ರದಾಗೆ ಇರೋದು ಇವತ್ತಿನ ಈ ಹೊತ್ತೇಯ. ಒಸಿ ಮುಂಚೆನೇ ತೋರಿಸ್ಬುಟ್ಟಿದ್ದೀಯ ನೀನು."

ದೀಪ ಹೊತ್ತಿಕೊಂಡಿತು. ಯಶೋಧಾ ಗೋಡೆಯ ಗಡಿಯಾರ ನೋಡಿದಳು. ಆರೂವರೆ. ತಾನು ಆ ಚಿತ್ರ ಹಾಕಿದ್ದು ಒಂದು ಗಂಟೆಗೆ. ಬೆರಳು ಮಡಿಸಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಎರಡು ಸಲವೂ ಐದೂವರೆ ಗಂಟೆಯೇ ಬಂತು.

ಮರುದಿನ ಅವಳು ಬೆಲ್ಲಿಗೆ ಕಾಯಲಿಲ್ಲ. ಗಡಿಯಾರದ ಮುಳ್ಳು ಹನ್ನೆರಡೂವರೆಗೆ ಬಂದಾಗ, ಅದರಲ್ಲಿ ಐದೂವರೆ ಕಳೆದು ಏಳನೇ ನಂಬರಿನ ಚಿತ್ರ ಹಾಕಿದಳು. ಪರದೆಯಲ್ಲಿ ನಮ್ಮ ದೇಶ ನಡುಹಗಲಿನ ಬೆಳಕಿನಲ್ಲಿ ಥಳಥಳಿಸಿತು. ಹೊರಗಿದ್ದ ಬಿಸಿಲೂ ಅದೇ.

ಫ್ಯಾಕ್ಟರಿಯಿಂದ ಬಂದವರ ಮುಂದೆ ಮೇಷ್ಟ್ರು ಅವಳನ್ನು ಕರೆದು, ಇದನ್ನು ಹೇಗೆ ಕಂಡುಹಿಡಿದೆ ಎಂದು ಕೇಳಿದರು. ಲೆಕ್ಕ ಮಾಡಿದೆ ಎನ್ನಬಹುದಿತ್ತು. ಅದೂ ನಿಜವೇ.

"ನಮ್ಮಜ್ಜಿ ದೀಪ ಹಚ್ಚೋ ಹೊತ್ತು ನೋಡಿ, ಸಾರ್."

ಯಾರೂ ನಗಲಿಲ್ಲ. ಹೇಳುವಾಗ ಅವಳ ಬೆನ್ನು ತಾನಾಗಿಯೇ ನೆಟ್ಟಗಾಗಿತ್ತು. ಚಿತ್ರದ ನಂಬರುಗಳು ಇಂಗ್ಲೆಂಡಿನ ಗ್ರೀನ್‌ವಿಚ್ ಎಂಬ ಊರಿನ ಗಂಟೆಗಳೆಂದೂ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆಯೆಂದೂ ಬಂದವರಲ್ಲಿ ಒಬ್ಬರು ಹೇಳಿದರು. ಹುಲ್ಲುಗುಡ್ಡದ ಮಾತನ್ನು ಮೇಷ್ಟ್ರು ಮತ್ತೆ ಎತ್ತಲಿಲ್ಲ.

ಒಂದೂವರೆಗೆ ಶಿವಕಿರಣ್ ಊಟದ ಕೈ ತೊಳೆದವನೇ ಓಡಿಬಂದು ಗಡಿಯಾರದ ಕೆಳಗೆ ನಿಂತ.

"ಟೈಮ್ ಆಯ್ತು ಕಣೇ. ಎಂಟು ಹಾಕು."

ಯಶೋಧಾ ಮೌಸ್ ಹಿಡಿದಳು. ಅವಳ ನೋಟ ಚಿತ್ರದ ಕಪ್ಪು ಭಾಗಕ್ಕೆ ಹೋಯಿತು. ನಿನ್ನೆ ಅಲ್ಲಿದ್ದವು ಬರೀ ಚುಕ್ಕಿಗಳು. ಇಂದು ಅವು ಮನೆಗಳು. ಒಳಗೆ ಯಾರದೋ ಅಜ್ಜಿ, ಯಾರದೋ ಮೊಮ್ಮಗಳು ಇನ್ನೂ ಎದ್ದಿರಲಿಲ್ಲ.

ಅವರಿಗೆ ಎಚ್ಚರವಾಗದಂತೆ, ಅವಳು ಮೌಸನ್ನು ಮೆಲ್ಲಗೆ ಒತ್ತಿದಳು.