ನೇಗೆಲೆಯಮ್ಮನ ಮೇಲೆ ಕೋಳಿ ಕೇಸು

"ನೀವೇ ವಿಷ ಹಾಕಿದ್ದು! ಇನ್ಯಾರು ಹಾಕ್ತಾರೆ?"

ರೀಕೆ ಹಿತ್ತಲಲ್ಲಿ ನಿಂತು ಮೇಲಿನ ಕಿಟಕಿಗೆ ಕಿರುಚಿದಳು. ಮಹಾ ಪತ್ತೇದಾರಿಣಿ! ವಯಸ್ಸು ಹತ್ತು, ಕಾಲಲ್ಲಿ ಅಜ್ಜನ ಬೂಟು.

ಗೂಡಿನ ಮುಂದೆ ಹಿಮದ ಮೇಲೆ ಅವಳ ಮೂರು ಕೋಳಿಗಳು ಕಾಲು ಚಾಚಿ ಸತ್ತು ಬಿದ್ದಿದ್ದವು. ಉಳಿದದ್ದು ಕಂದು ಬಣ್ಣದ ಟ್ರೂಡೆ ಒಂದೇ.

ಕಿಟಕಿಯಲ್ಲಿ ಮೇಲಿನ ಮನೆಯ ನೇಗೆಲೆಯಮ್ಮನ ತಲೆ ಕಾಣಿಸಿತು.

"ವಿಷವಂತೆ! ನಿನ್ನ ಕೋಳಿಗೆ ವಿಷ ತರೋಕೆ ನಾನು ಅಂಗಡಿಗೆ ಬೇರೆ ಹೋಗ್ಬೇಕಾ?"

"ಹಿಕ್ಕೆ ಹಾಕುತ್ತೆ ಅಂತ ದಿನಾ ಬೈತಿದ್ರಲ್ಲ?"

"ಬೈತಿದ್ದೆ. ಇನ್ನೂ ಬೈತೀನಿ. ಬೈದ್ರೆ ಸಾಯೋ ಹಾಗಿದ್ರೆ ನಿಮ್ಮನೆ ಬೆಕ್ಕು ಯಾವತ್ತೋ ಹೋಗಿರ್ತಿತ್ತು!"

ಸ್ಟುಟ್‌ಗಾರ್ಟ್ ಕಡೆಯ ಆ ವಠಾರದಲ್ಲಿ ಗುಡಿಸುವ ಸರದಿ ವಾರಕ್ಕೊಂದು ಮನೆಯದು. ಬಾಗಿಲಿಗೆ ಸರದಿಯ ಹಲಗೆ ನೇತುಬಿತ್ತೆಂದರೆ ಮುಗಿಯಿತು. ಮೆಟ್ಟಿಲು, ದಾರಿ, ದಾರಿಯ ಹಿಮ, ಎಲ್ಲ ಅವರದೇ. ಆಮೇಲೆ ನೇಗೆಲೆಯಮ್ಮ ಬೆರಳಲ್ಲಿ ಉಜ್ಜಿ ಮಾರ್ಕ್ಸ್ ಕೊಡುತ್ತಾರೆ. ಈ ವಾರ ಹಲಗೆ ರೀಕೆಯ ಮನೆಗೆ ಬಂದಿತ್ತು. ಅಜ್ಜನಿಗೆ ಸೊಂಟ ನೋವು. ಹಾಗಾಗಿ ನಿನ್ನೆ ಹಿಮ ತೆಗೆಯುವ ಕೆಲಸ ಇವಳಿಗೆ ಬಿದ್ದಿತ್ತು.

ಅಜ್ಜ ಬಂದು ಸತ್ತ ಕೋಳಿಗಳನ್ನು ಬಗ್ಗಿ ನೋಡಿದರು.

"ಗಾಯ ಇಲ್ಲ, ನರಿ ಅಲ್ಲ. ಪ್ರಾಣಿ ಡಾಕ್ಟರಿಗೆ ಫೋನ್ ಮಾಡ್ತೀನಿ, ನೀನು ಸತ್ತವನ್ನ ಮುಟ್ಬೇಡ. ಆದ್ರೂ ವಿಚಿತ್ರ. ನಿನ್ನೆ ಸಂಜೆ ಬಕೆಟ್ ತುಂಬ ನೀರಿಟ್ಟಿದ್ದೆ. ಈ ಚಳೀಲಿ ಅರ್ಧಾನೂ ಕುಡಿಯಲ್ಲ. ಇವತ್ತು ನೋಡು, ತಳ ಕಾಣ್ತಿದೆ."

"ವಿಷಕ್ಕೇ ಬಾಯಾರಿದ್ದು ಅಜ್ಜ! ಟ್ರೂಡೆನಾದ್ರೂ ನಾನು ಉಳಿಸ್ಕೊಳ್ತೀನಿ."

ರೀಕೆ ಕಿಟಕಿಯನ್ನು ದುರುಗುಟ್ಟಿ ನೋಡುತ್ತ ಕಾವಲು ನಿಂತಳು. ಕಳ್ಳಿ ಅಲ್ಲೇ ಇದ್ದಾಳಲ್ಲ, ಇನ್ನೇನು!

ಟ್ರೂಡೆ ಮೆಲ್ಲಗೆ ದಾರಿಗೆ ಬಂತು. ತಲೆ ಓರೆ ಮಾಡಿ ಟುಕ್ ಟುಕ್ ಎಂದು ಹೆಕ್ಕತೊಡಗಿತು. ಅದು ಹಳೇ ಅಭ್ಯಾಸ. ಯಾರೂ ಜಾರಬಾರದೆಂದು ಪ್ರತಿ ಚಳಿಗಾಲ ದಾರಿಗೆ ಸಣ್ಣ ಕಲ್ಲು ಉದುರಿಸುತ್ತಾರೆ. ಕೋಳಿಗೆ ಹಲ್ಲಿಲ್ಲ, ಕಾಳು ಅರೆಯಲು ಹೊಟ್ಟೆಗೆ ಕಲ್ಲು ಬೇಕು.

ಆದರೆ ಟ್ರೂಡೆ ಹೆಕ್ಕುತ್ತಿದ್ದದ್ದು ಬೆಳ್ಳಗಿತ್ತು.

ರೀಕೆ ಕಿಟಕಿಯಿಂದ ಕಣ್ಣು ಕಿತ್ತು ದಾರಿಯನ್ನು ನೋಡಿದಳು.

ನಿನ್ನೆ ಆ ಸಣ್ಣ ಕಲ್ಲು ತುಂಬಿಟ್ಟ ಡಬ್ಬದ ಮುಚ್ಚಳ ಚಳಿಗೆ ಅಂಟಿಕೊಂಡು ತೆರೆಯಲಿಲ್ಲ. ಟೀವಿಯಲ್ಲಿ ಕಾರ್ಟೂನ್ ಶುರುವಾಗುವುದರಲ್ಲಿತ್ತು. ಪಾತ್ರೆ ತೊಳೆಯುವ ಮಷೀನಿಗೆ ಹಾಕುವ ದಪ್ಪ ಹರಳುಪ್ಪಿನ ಪ್ಯಾಕೆಟ್ಟನ್ನು ಅವಳು ದಾರಿಗೆ ಪೂರ್ತಿ ಸುರಿದಿದ್ದಳು. ಹಿಮ ಕರಗಿತ್ತು. ಎಂಥಾ ಐಡಿಯಾ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು.

ಓಡಿಹೋಗಿ ಟ್ರೂಡೆಯನ್ನು ಬಾಚಿಕೊಂಡಳು. ಅದು ಅವಳ ಕೈಗೇ ಕುಕ್ಕಿತು.

"ಏನೇ, ಈಗ ಯಾರ ಮೇಲೆ ಕೇಸು?" ಮೇಲಿಂದ ದನಿ ಬಂತು.

"ಉಪ್ಪು..." ರೀಕೆ ಟ್ರೂಡೆಯನ್ನು ಎದೆಗೊತ್ತಿಕೊಂಡಳು. "ಉಪ್ಪು ಹಾಕಿದ್ದು ನಾನೇ. ಕಲ್ಲು ಅಂತ ಅದನ್ನೇ ತಿಂದು ಸತ್ತಿವೆ. ನಿಮ್ಮ ಗಟ್ಟಿ ಪೊರಕೆ ಕೊಡ್ತೀರಾ?"

ಕಿಟಕಿ ಧಡ್ ಎಂದು ಮುಚ್ಚಿತು.

ರೀಕೆ ಟ್ರೂಡೆಯನ್ನು ಅಜ್ಜನ ಕೈಗೆ ಕೊಟ್ಟಳು. ಅಜ್ಜ ಅದಕ್ಕೆ ನೀರು ಹಿಡಿದರು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ನೇಗೆಲೆಯಮ್ಮ ಎರಡು ಪೊರಕೆ ಹಿಡಿದು ಬಂದರು.

"ಉಪ್ಪು ಹಾಕಬಾರದು ಅಂತ ಹಲಗೆ ಹಿಂದೇನೇ ಬರ್ದಿದೆ. ಓದಿದ್ದೀಯಾ?"

"ಇಲ್ಲ."

"ಗುಡಿಸೋಕೆ ಬರಲ್ಲ, ಪತ್ತೇದಾರಿಕೆ ಬೇರೆ! ಮೂಲೆಯಿಂದ ಶುರು ಮಾಡು."

ರೀಕೆ ಮೂಲೆಯಿಂದ ಶುರು ಮಾಡಿದಳು. ಪೊರಕೆ ಹಾಸುಗಲ್ಲಿನ ಸಂದಿಗೆ ಹೋಗಲಿಲ್ಲ. ಮೊಣಕಾಲೂರಿ ಒಂದು ಬಿಳಿ ಹರಳನ್ನು ಉಗುರಿನಿಂದ ಕಿತ್ತಳು. ಪಕ್ಕದಲ್ಲೇ ಇನ್ನೊಂದಿತ್ತು.